ದೇವರಿಗಾಗಿ ಬಂದಿರೋ, ಹೊಟ್ಟೆಗಾಗಿ ಬಂದಿರೋ?

ನಿರಾಶ್ರಿತರ ಸುದ್ದಿ ಬಂದ ದಿನ ಗೋವಾದ ವಾಸ್ಕೋ ಊರಿನ ನಮ್ಮ ಚಹಾದಂಗಡಿ ನ್ಯಾಯಾಲಯವಾಗುತ್ತದೆ. ಧರ್ಮ ಉಳಿಸಿಕೊಳ್ಳಲು ಓಡಿಬಂದವನು ಅತಿಥಿ, ಹೊಟ್ಟೆಪಾಡಿಗೆ ಬಂದವನು ನುಸುಳುಕೋರ ಎಂಬುದು ಈ ವಾರದ ತೀರ್ಪು. ತೀರ್ಪಿತ್ತವರೆಲ್ಲ ಇಂಡಿ, ಬಾದಾಮಿ, ಕುಷ್ಟಗಿಯ ಕಡೆಯಿಂದ ಬರಗಾಲದಲ್ಲಿ ಗಂಟುಮೂಟೆ ಕಟ್ಟಿಕೊಂಡು ಬಂದವರು.

ಅವರನ್ನೇಕೆ ದೂರಬೇಕು? ಯಾರು ನಿರಾಶ್ರಿತರೆಂದು ಹೇಳುವ 1951ರ ಜಿನೀವಾ ಒಪ್ಪಂದವೇ ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಎಂಬ ಐದು ಕಾರಣಗಳನ್ನು ಎಣಿಸಿ, ಹಸಿವನ್ನು ಬಾಗಿಲಾಚೆಗೇ ನಿಲ್ಲಿಸಿದೆ. ಆ ಒಪ್ಪಂದಕ್ಕೆ ಸಹಿ ಹಾಕದ ನಾವು ಇನ್ನೂ ಚೊಕ್ಕವಾಗಿ, ಮೂರು ದೇಶ, ಆರು ಧರ್ಮ, 2014ರ ಡಿಸೆಂಬರ್ 31ರೊಳಗೆ ಬಂದವರು ಎಂದು 2019ರ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಗೆರೆ ಎಳೆದೆವು. ಅರ್ಜಿದಾರನ ಧರ್ಮಕ್ಕೆ ಸ್ಥಳೀಯ ಸಮುದಾಯ ಸಂಸ್ಥೆಯೊಂದು ಪ್ರಮಾಣಪತ್ರ ಕೊಡಬೇಕೆಂದು ಆ ಕಾಯ್ದೆಯ 2024ರ ನಿಯಮಗಳು ಹೇಳಿದವು. ಅದ್ಭುತ ಏರ್ಪಾಡು! ಬರಿದಾದ ಒಲೆಗೆ ಮುದ್ರೆಯೊತ್ತಿ ಕೊಡುವ ಸಂಸ್ಥೆ ಮಾತ್ರ ಎಲ್ಲಿಯೂ ಇಲ್ಲ.

ಗೋವಾದಲ್ಲಂತೂ ದೇವರೇ ನಿರಾಶ್ರಿತ. 1560ರಲ್ಲಿ ಪೋರ್ಚುಗೀಸರ ಕಾಟಕ್ಕೆ ಮಂಗೇಶ ಕುಶಸ್ಥಳಿಯನ್ನು ಬಿಟ್ಟು, ಜುವಾರಿ ನದಿ ದಾಟಿ ಪ್ರಿಯೋಳದಲ್ಲಿ ನೆಲೆ ನಿಂತ. ಶಾಂತಾದುರ್ಗೆ ಕೆಳೋಶಿಯಿಂದ ಕವಳೆಗೆ ಹೋದಳು. ಅವರ ಅರ್ಜಿಯಲ್ಲಿ ಯಾವ ಗೊಂದಲವೂ ಇಲ್ಲ, ದೇವರಿಗೆ ಹೊಟ್ಟೆಪಾಡಿಲ್ಲವಲ್ಲ! ಆದರೆ ಕೆನರಾದತ್ತ ನಡೆದ ಕೊಂಕಣಿ ಕ್ರೈಸ್ತರ ಹಿಂದೆ ಇನ್‌ಕ್ವಿಸಿಷನ್ ಎಂಬ ಚರ್ಚಿನ ಮತವಿಚಾರಣೆಯ ಭಯವಿತ್ತು. ಕ್ಷಾಮವಿತ್ತು, ತೆರಿಗೆಯಿತ್ತು, ಮರಾಠರ ದಾಳಿಯೂ ಇತ್ತು. ಇವುಗಳಲ್ಲಿ ಯಾವುದು ಎಷ್ಟು ಪಾಲು ಎಂದು ಅವರಲ್ಲಿ ಯಾರು ತೂಗಿ ನೋಡಿದ್ದರು? ಕೆನರಾ ಆಳುತ್ತಿದ್ದ ಕೆಳದಿಯ ಅರಸರಿಗೆ ಬೇಕಾಗಿದ್ದುದು ಹೊಲ ಉಳುವ ಕೈ.

ಧರ್ಮದ ಹೆಸರಿನಲ್ಲಿ ಹಿಂಸಿಸುವವನು ಮೊದಲು ಕಿತ್ತುಕೊಳ್ಳುವುದು ಹೊಲವನ್ನು, ಅಂಗಡಿಯನ್ನು, ಕೂಲಿಯನ್ನು. ಹಾಗೆ ಬರಿಗೈಯಾದವನು ಗಡಿಗೆ ಬಂದರೆ, ನೀನು ಬಡವ, ದುಡ್ಡಿಗಾಗಿ ಬಂದೆ ಎನ್ನುತ್ತೇವೆ. 1961ರಲ್ಲಿ ಪೋರ್ಚುಗೀಸರ ಆಳ್ವಿಕೆ ಮುಗಿಯುವ ಮೊದಲು ಇಲ್ಲಿ ಹುಟ್ಟಿದ ಅಜ್ಜನ ದಾಖಲೆ ತೋರಿಸಿ, ಪೋರ್ಚುಗೀಸ್ ಪಾಸ್‌ಪೋರ್ಟ್ ಪಡೆದು ಇಂಗ್ಲೆಂಡಿಗೆ ದುಡಿಯಲು ಹೋದವರನ್ನು ಯಾರೂ ನುಸುಳುಕೋರರೆನ್ನುವುದಿಲ್ಲ, ಅನ್ನಲೂಬಾರದು. ಆದರೆ 2004ರ ಮಳೆಗಾಲದಲ್ಲಿ ಇದೇ ವಾಸ್ಕೋದ ಬೈನಾ ಕಡಲತೀರದಲ್ಲಿ ಬುಲ್ಡೋಜರಿನ ಮುಂದೆ ನಿಂತ ಕನ್ನಡಿಗರು, ಇದೇ ದೇಶದ ಪ್ರಜೆಗಳು, ‘ಹೊರಗಿನವರು’ ಎನಿಸಿಕೊಂಡರು. ಅದನ್ನು ಕಂಡವರೇ ಇಂದು ಚಹಾ ಹೀರುತ್ತ ಇನ್ನೊಬ್ಬರನ್ನು ಹೊರಗಿನವರೆನ್ನುವುದನ್ನು ಕೇಳಿ ಕೇಳಿ ನನಗೆ ನಗಲೂ ಬೇಸರವಾಗಿದೆ.

ತೀರ್ಪು ಮುಗಿಸಿದ ಇಂಡಿಯ ಯಜಮಾನರು, ಊರಿನಿಂದ ಬಂದ ಅಳಿಯನ ಬಾಡಿಗೆ ಮನೆಯ ಅರ್ಜಿ ತುಂಬಿಕೊಡಿರೆಂದು ನನ್ನ ಪಕ್ಕ ಕುಳಿತರು. ಬಂದ ಕಾರಣ ಏನೆಂದು ಬರೆಯಲಿ ಎಂದೆ.

“ದುಡಿಯಾಕ ಬಂದಾನ ಅಂತ ಬರೀರಿ ಸರ, ತೀರ್ಥಯಾತ್ರಿಗೆ ಬಂದಾನೇನು?”