ಒಬ್ಬಟ್ಟು ಸ್ವಲ್ಪ ಎಡಕ್ಕೆ ತಿರುಗಲಿ

ಯುಗಾದಿ ದಿನ ಮಧ್ಯಾಹ್ನ ಎರಡು ಗಂಟೆ. ದೇವರ ನೈವೇದ್ಯ ಆಗಿ ಮುಕ್ಕಾಲು ಗಂಟೆಯಾಗಿತ್ತು. ದೇವರದು ಸುಲಭ, ಗಂಟೆ ಅಲ್ಲಾಡಿಸಿದರೆ ಮುಗಿಯಿತು. ಮಗಳ ಫೋನಿನ ನೈವೇದ್ಯ ಮಾತ್ರ ಇನ್ನೂ ನಡೆದೇ ಇತ್ತು.

"ಅಪ್ಪಾ, ಟ್ಯೂಬ್‌ಲೈಟ್ ಆಫ್ ಮಾಡು. ಒಬ್ಬಟ್ಟು ಹಸಿರು ಹಸಿರಾಗಿ ಬರ್ತಿದೆ."

ಆಫ್ ಮಾಡಿದೆ. ಎಲೆ ಸಮೇತ ಒಬ್ಬಟ್ಟು ಕಿಟಕಿ ಹತ್ತಿರ ಹೋಯಿತು. ಅಲ್ಲಿ ಬಿಸಿಲು ಜಾಸ್ತಿಯಂತೆ, ಬಿಳಿ ಬಟ್ಟೆ ಅಡ್ಡ ಕಟ್ಟಬೇಕಂತೆ. ಮನೆಯಲ್ಲಿದ್ದ ಒಂದೇ ಒಳ್ಳೆ ಬಿಳಿ ಬಟ್ಟೆ ನನ್ನ ಸೊಂಟದಲ್ಲಿತ್ತು. ಹೊಸ ಪಂಚೆ ಕಿಟಕಿಗೆ ಹೋಯಿತು, ನಾನು ಹಳೇ ಲುಂಗಿಯಲ್ಲಿ ಹಬ್ಬ ಮಾಡಿದೆ. ಬೆಳಕೇನೋ ಮೃದುವಾಗಿ ಬಿತ್ತು, ಸುಳ್ಳು ಹೇಳಬಾರದು.

ಮನೆಯಲ್ಲಿ ಸಿಹಿ ಮಾಡುವವರಿಗೆ ಉಪಯೋಗಕ್ಕೆ ಬರಲಿ ಅಂತ ಅವತ್ತು ಕಲಿತದ್ದನ್ನ ಹೇಳಿಬಿಡುತ್ತೇನೆ. ಒಬ್ಬಟ್ಟು ಚಪ್ಪಟೆ, ಹಾಗಾಗಿ ನೇರ ಮೇಲಿನಿಂದ ತೆಗೆಯಬೇಕು. ಅದಕ್ಕೆ ಸ್ಟೂಲ್ ಹತ್ತಬೇಕು, ಸ್ಟೂಲ್ ಹಿಡಿಯಲು ಒಬ್ಬ ಹಸಿದ ಅಪ್ಪ ಬೇಕು. ಮೈಸೂರು ಪಾಕಿಗೆ ಪಕ್ಕದಿಂದ, ಗೂಡು ಕಾಣಬೇಕಲ್ಲ. ಫ್ಲ್ಯಾಶ್ ಹಾಕಿದರೆ ತುಪ್ಪದ ಮೇಲೆ ಬಿಳಿ ಮಚ್ಚೆ ಬೀಳುತ್ತದೆ. ಹೂರಣ ಮುಟ್ಟಿದ ಬೆರಳಲ್ಲಿ ಲೆನ್ಸ್ ಒರೆಸಿದರೆ ಅಡುಗೆಮನೆ ಮಡಿಕೇರಿಯಾಗುತ್ತದೆ.

ಪಾಯಸದ್ದು ಬೇರೆಯೇ ಕಥೆ. ದ್ರಾಕ್ಷಿ ಗೋಡಂಬಿ ತಳ ಸೇರುತ್ತವೆ, ಫೋಟೊದಲ್ಲಿ ಬರೀ ಹಾಲು. ಉಪಾಯ ಏನು ಗೊತ್ತಾ? ಬಟ್ಟಲೊಳಗೆ ಇನ್ನೊಂದು ಪುಟ್ಟ ಬಟ್ಟಲು ಬೋರಲು ಹಾಕಿ, ಮೇಲೆ ಪಾಯಸ ಸುರಿಯಬೇಕು. ಗೋಡಂಬಿ ಮುಳುಗಲು ಜಾಗವೇ ಇರಲ್ಲ. ನೋಡಿದರೆ ತುಂಬಿದ ಬಟ್ಟಲು, ಚಮಚ ಹಾಕಿದರೆ ಟಣ್ ಅಂತ ಸ್ಟೀಲು.

ತುಪ್ಪ ಬೀಳುವ ಫೋಟೊ ಒಂದೇ ಸಲಕ್ಕೆ ಬರುವುದಿಲ್ಲ. ಒಂಬತ್ತು ಸಲ ಬಿಟ್ಟರು. ಏಳನೆಯದಕ್ಕೆ ಒಬ್ಬಟ್ಟು ತೇಲಲು ಶುರುವಾಯಿತು.

ಇಷ್ಟನ್ನೂ ಅಮ್ಮ ಸುಮ್ನೆ ನೋಡುತ್ತಿದ್ದಳು. ಆದರೆ ಅಡುಗೆ ಕಟ್ಟೆ ಮೇಲೆ ಮೊಮ್ಮಗಳು ಒಂದು ಹಿಡಿ ಮೈದಾ ಎರಚಿದಳು ನೋಡಿ, ಆಗ ಎದ್ದು ಬಂದಳು. ಅರವತ್ತು ವರ್ಷದಿಂದ ಕಟ್ಟೆ ಒರೆಸಿದ ಕೈ.

"ಯಾಕೇ ಚೆಲ್ಲಿದೆ?"

"ಅಜ್ಜೀ, ಮನೇಲಿ ಮಾಡಿದ ಹಾಗೆ ಕಾಣಬೇಕು."

"ಮನೇಲೇ ತಾನೇ ಮಾಡಿದ್ದು?"

ಇದಕ್ಕೆ ಉತ್ತರ ಬರಲಿಲ್ಲ. ಅಟ್ಟದಿಂದ ಹಿತ್ತಾಳೆ ಪಾತ್ರೆ ಇಳಿಯಿತು. ಅದಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜಿದವನು ನಾನೇ, ಅದೂ ಅರ್ಧ ಮಾತ್ರ. ಇನ್ನರ್ಧ ಫ್ರೇಮಿಗೆ ಬರುವುದಿಲ್ಲವಂತೆ.

ಉಜ್ಜುತ್ತಾ ನನಗೆ ಕಾಕಾಸುರ ಮಾದಪ್ಪ ನೆನಪಾದ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆ ಬಾಣಸಿಗ, ಮೈಸೂರು ಪಾಕನ್ನು ಮೊದಲು ಮಾಡಿದವನು ಅಂತಾರೆ. ದೊರೆ ಹೆಸರು ಕೇಳಿದರಂತೆ, ಇವನು ಬಾಯಿಗೆ ಬಂದದ್ದನ್ನ ಹೇಳಿದನಂತೆ. ಪುಣ್ಯಾತ್ಮ, ಅವನ ಜೇಬಲ್ಲಿ ಫೋನ್ ಇರಲಿಲ್ಲ. ಮೈಸೂರು ಪಾಕನ್ನು ತಟ್ಟೆಗೆ ಸುರಿದು ಬಿಸಿ ಇರುವಾಗಲೇ ಗೆರೆ ಹಾಕಬೇಕು. ಅವನೂ ಬೆಳಕಿಗಾಗಿ ಕಾದಿದ್ದರೆ ದೊರೆಗೆ ಇಟ್ಟಿಗೆ ಬಡಿಸಬೇಕಾಗುತ್ತಿತ್ತು.

ಇನ್ನು ಗಿಣ್ಣು, ಎಳ್ಳುಂಡೆ, ಸಜ್ಜಪ್ಪ, ಪಾಪ. ಅವು ಯಾವ ಬೆಳಕಿಗೂ ಬಗ್ಗುವುದಿಲ್ಲ. ಗಿಣ್ಣಿನ ಚೆಂದದ ಫೋಟೊ ನಾನಂತೂ ಇವತ್ತಿನವರೆಗೆ ನೋಡಿಲ್ಲ. ಇವನ್ನೆಲ್ಲ ಮನೆಗಳಲ್ಲಿ ಮಾಡುವುದೇ ಕಡಿಮೆಯಾಗಿದ್ದು ಇದಕ್ಕೇ ಇರಬೇಕು ಅಂತ ನನ್ನ ಗುಮಾನಿ.

ಎರಡೂವರೆಗೆ ಫೋಟೊ ಹೊರಟಿತು. ಕೆಳಗೆ "ಅಜ್ಜಿ ಕೈರುಚಿ" ಅಂತ ಬರೆದಿದ್ದಳು. ಐದು ನಿಮಿಷದಲ್ಲಿ ಅಮೆರಿಕದ ಚಿಕ್ಕಮ್ಮನ ಹೃದಯ ಬಂತು, ಬೆನ್ನಿಗೇ "ಬಾಯಲ್ಲಿ ನೀರು" ಅಂತ ಮೆಸೇಜೂ ಬಂತು. ಎಲೆಯ ಮೇಲಿನ ಒಬ್ಬಟ್ಟು ತಣ್ಣಗಾಗಿ, ತುಪ್ಪ ಕುಡಿದು, ಅಂಚು ಸೆಟೆದುಕೊಂಡಿತ್ತು. ಅದನ್ನು ತಿನ್ನುವ ಉತ್ಸಾಹ ತೆಗೆದವಳಿಗೂ ಇರಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ಸಣ್ಣ ದನಿ ಬಂತು. ಅಮ್ಮ ಕಾವಲಿ ಮುಂದೆ ನಿಂತು ಬೆರಳು ಚೀಪುತ್ತಿದ್ದಳು.

"ಫೋಟೊಗೆ ಬೇಡ ಅಂತ ತೆಗೆದಿಟ್ಟ ಹರಿದವು ನಾಲ್ಕಿವೆ ಕಣೋ, ಈಗಷ್ಟೇ ಬಿಸಿ ಮಾಡಿದೀನಿ. ಬಾಗಿಲು ಮುಂದೆ ಮಾಡ್ಕೊಂಡು ಬಾ."