ಮುಳುಗಿಸಿಟ್ಟ ದೋಣಿ

"ಸರ್, ನಿಮ್ಮ ದೋಣಿ ಮುಳುಗಿದೆ" ಎಂಬ ಫೋನು ಈ ವಾರ ಏಳನೆಯ ಬಾರಿ ಬಂದಾಗ ನಾನು ಹಲ್ಲುಜ್ಜುತ್ತಿದ್ದೆ. ಅದು ಮುಳುಗಿದ್ದಲ್ಲ, ನಾನೇ ಮುಳುಗಿಸಿದ್ದು ಎಂದು ಬಾಯಿತುಂಬ ನೊರೆ ಇಟ್ಟುಕೊಂಡು ಹೇಳಿದರೆ ಯಾರು ನಂಬುತ್ತಾರೆ? ಬಹುಕಾಲ ದಡದಲ್ಲಿ ಒಣಗಿದ ಮರದ ದೋಣಿಯನ್ನು ಹಾಗೆಯೇ ಹೊಳೆಗೆ ಇಳಿಸಿದರೆ ಅದು ಸಂದುಸಂದಿನಲ್ಲೂ ಸೋರುತ್ತದೆ. ಹೊಟ್ಟೆಗೆ ನಾಲ್ಕು ಕಲ್ಲು ಹೇರಿ ಆಳವಿಲ್ಲದ ಕಡೆ ಕೆಲವು ದಿನ ಮುಳುಗಿಸಿಟ್ಟರೆ ಹಲಗೆಗಳು ನೀರು ಕುಡಿದು ಉಬ್ಬಿ, ಒಂದನ್ನೊಂದು ಒತ್ತಿಕೊಂಡು, ಸಣ್ಣಪುಟ್ಟ ಸಂದುಗಳನ್ನು ತಾವೇ ಮುಚ್ಚಿಕೊಳ್ಳುತ್ತವೆ. ನನ್ನ ಬಾಲ್ಯದಲ್ಲಿ ಉಡುಪಿ ಬಳಿಯ ಕೆಮ್ಮಣ್ಣು ಎಂಬ ಊರಿನ ಹೊಳೆಬದಿಯ ಮಕ್ಕಳಿಗೂ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಈಗ ಬೆಳಗಿನ ವಾಕಿಂಗಿಗೆ ಬರುವ ಸಜ್ಜನರಿಗೆಲ್ಲ ನನ್ನ ನಂಬರು ಗೊತ್ತು, ದೋಣಿಯ ಸಂಗತಿ ಗೊತ್ತಿಲ್ಲ. ಒಬ್ಬರಂತೂ ಸಂತಾಪ ಸೂಚಿಸಿದ ಮೇಲೆ, ವಿಮೆ ಮಾಡಿಸಿದ್ದೀರಾ ಎಂದು ವಿಚಾರಿಸಿದರು.

ದೋಣಿ ನನ್ನ ಸೋದರಮಾವನದು. ಹೆಬ್ಬಲಸಿನ ಹಲಗೆ, ಹದಿನೆಂಟು ಅಡಿ ಉದ್ದ, ಒಂದೇ ಹಾಯಿ. ಮಾವ ತೀರಿಹೋದ ಮೇಲೆ ಅದು ಕೊಟ್ಟಿಗೆಯ ಮಾಡಿನಡಿ ಕೋಳಿಗಳಿಗೆ ಆಶ್ರಯವಾಗಿತ್ತು. ನಿವೃತ್ತನಾದವನು ಯಾವುದಾದರೂ ಒಂದು ಹವ್ಯಾಸ ಇಟ್ಟುಕೊಳ್ಳಬೇಕೆಂದು ವೈದ್ಯರು ಹೇಳಿದ್ದರಿಂದ ಅದನ್ನು ಹೊರಕ್ಕೆಳೆಸಿದೆ. ರಕ್ತದೊತ್ತಡ ಇಳಿಯಲೆಂದು ಅವರು ಹೇಳಿದ್ದು. ದೋಣಿಯ ಬಿಡಿಭಾಗ ಹುಡುಕುವ ಕೆಲಸ ಅವರ ಅನುಭವಕ್ಕೆ ಬಂದಿರಲಾರದು.

ಮೊದಲು ಹೋದದ್ದು ಮಲ್ಪೆಗೆ. ಬಂದರಿನ ಸುತ್ತಲಿನ ಅಂಗಡಿಗಳಲ್ಲಿ ಬಲೆ, ನೈಲಾನ್ ಹಗ್ಗ, ಎಂಜಿನ್ನಿನ ಫಿಲ್ಟರು, ಮೀನು ಹುಡುಕುವ ಯಂತ್ರ ಎಲ್ಲವೂ ಇವೆ. ಹಾಯಿ ಕಟ್ಟುವ ಕಂಬ, ಅಂದರೆ ಕೂವೆಮರದ ತುದಿಗೆ ಒಂದು ರಾಟೆ ಬೇಕಿತ್ತು ಎಂದೆ. "ಎಂಜಿನ್ ಎಷ್ಟು ಎಚ್‌ಪಿ ಸರ್?" ಎಂದು ಕೌಂಟರಿನ ಹುಡುಗ ಕೇಳಿದ. ಎಂಜಿನ್ ಇಲ್ಲ, ಗಾಳಿಯಲ್ಲಿ ಹೋಗುವುದು ಎಂದೆ. ಅವನು ಒಳಗೆ ತಿರುಗಿ, "ಅಣ್ಣ, ಏರ್ ಕೂಲ್ಡಿಗೆ ರಾಟೆ ಉಂಟಾ?" ಎಂದು ಕೂಗಿದ. ಅದೇ ಮಲ್ಪೆಯ ಹಡಗುಕಟ್ಟೆಯಲ್ಲಿ ನಾರ್ವೆಯ ಕಂಪನಿಗಾಗಿ 3,800 ಟನ್ ಹೊರುವ ಸರಕುಹಡಗುಗಳನ್ನು ಕಟ್ಟುತ್ತಾರೆ. ನನ್ನ ಅಂಗೈಯಗಲದ ಒಂದು ಮರದ ರಾಟೆ ಮಾತ್ರ ಇಡೀ ಊರಿನಲ್ಲಿಲ್ಲ.

ಮೊಳೆಯ ಕಥೆಯೂ ಹೀಗೆಯೇ. ಉಪ್ಪುನೀರಿನಲ್ಲಿ ಕಬ್ಬಿಣ ತುಕ್ಕು ಹಿಡಿಯುವುದು ಎಲ್ಲರಿಗೂ ಗೊತ್ತು. ಹಿತ್ತಾಳೆಯ ದ್ರೋಹ ಗೊತ್ತಿರುವುದು ಕೆಲವರಿಗೇ. ಅದರೊಳಗಿನ ಸತುವನ್ನು ಸಮುದ್ರದ ನೀರು ಮೆಲ್ಲನೆ ಹೀರಿಬಿಡುತ್ತದೆ. ಹೊರಗೆ ತಿರುಪುಮೊಳೆ ಸ್ವಲ್ಪ ಕೆಂಪೇರಿದಂತೆ ಕಾಣುತ್ತದೆ ಅಷ್ಟೇ, ತಿರುಗಿಸಲು ಹೋದರೆ ಹಳೆಯ ಬಿಸ್ಕತ್ತಿನಂತೆ ಮುರಿದು ಕೈಗೆ ಬರುತ್ತದೆ. ಆದ್ದರಿಂದ ತಾಮ್ರವೇ ಆಗಬೇಕು. ಉಡುಪಿಯ ರಥಬೀದಿಯಲ್ಲಿ ತಾಮ್ರದ ಹರಿವಾಣ, ಉದ್ಧರಣೆ, ಪಂಚಪಾತ್ರೆಗಳೆಲ್ಲ ಸಿಗುತ್ತವೆ, ಮೊಳೆಯೊಂದು ಸಿಗುವುದಿಲ್ಲ. ಕೊನೆಗೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ದಪ್ಪ ತಾಮ್ರದ ತಂತಿ ಕೊಂಡು, ತುಂಡರಿಸಿ, ಒಂದೊಂದರ ತಲೆಯನ್ನೂ ಸುತ್ತಿಗೆಯಿಂದ ತಟ್ಟಿ ಮೊಳೆ ಮಾಡಿಕೊಂಡೆ. ಅರ್ಥಿಂಗಿಗೋ ಎಂದು ಅಂಗಡಿಯವರು ಕೇಳಿದಾಗ ದೋಣಿಗೆ ಎಂದದ್ದು ತಪ್ಪಾಯಿತು. ನೀರಿನಲ್ಲೇ ಇರುವುದಕ್ಕೆ ಅರ್ಥಿಂಗ್ ಯಾಕೆ ಎಂದು ಅವರೂ ಅಲ್ಲಿದ್ದ ಇಬ್ಬರು ಗಿರಾಕಿಗಳೂ ಅರ್ಧ ಗಂಟೆ ಚರ್ಚೆ ಮಾಡಿದರು.

ನನಗೆ ಸಿಟ್ಟು ಬರುವುದು ಸಾಮಾನು ಸಿಗುವುದಿಲ್ಲವೆಂದಲ್ಲ. ಸಾಮಾನುಗಳೆಲ್ಲ ಇವೆ, ದೋಣಿಯನ್ನು ಬಿಟ್ಟು ಉಳಿದೆಲ್ಲ ಕಡೆ ಇವೆ. ನೀರಿಗೆ ಜಗ್ಗದ ಹಲಗೆಗೆಂದು ಸರಕಾರ ಭಾರತೀಯ ಮಾನಕ 710 ಎಂಬ ಅಳತೆಗೋಲನ್ನೇ ಮಾಡಿಟ್ಟಿದೆ. ಹೆಸರು ಮರೀನ್ ಪ್ಲೈವುಡ್. ಆ ಹಲಗೆ ಇವತ್ತು ಉಡುಪಿಯ ಫ್ಲಾಟುಗಳಲ್ಲಿ ಸಿಂಕಿನ ಕೆಳಗೆ ಕಸದ ಬುಟ್ಟಿಯನ್ನು ಕಾಯುತ್ತಾ ನಿಂತಿದೆ. ಮಾವ ಹಲಗೆಗಳಿಗೆ ಹಚ್ಚುತ್ತಿದ್ದ ಗೇರುಬೀಜದ ಸಿಪ್ಪೆಯ ಎಣ್ಣೆ, ಕೈಗೆ ತಾಗಿದರೆ ಚರ್ಮ ಸುಲಿಯುವ ಆ ಕಪ್ಪು ದ್ರವ, ಈಗ ವಾಹನಗಳ ಬ್ರೇಕಿಗೆ ಹೋಗುತ್ತದೆ. ಎರಡು ಲೀಟರು ಕೇಳಿದರೆ ಕಾರ್ಖಾನೆಯವರು ಡ್ರಮ್ಮಿನ ಲೆಕ್ಕ ಹೇಳುತ್ತಾರೆ. ಇನ್ನು ಹಳೆಯ ಹುಟ್ಟುಗಳು, ಲಂಗರುಗಳು ರೆಸಾರ್ಟುಗಳ ಗೋಡೆಗಳ ಮೇಲೆ ವಾರ್ನಿಶ್ ಬಳಿದುಕೊಂಡು ನೇತಾಡುತ್ತಿವೆ. ಈ ದೋಣಿಯನ್ನೇ ಕೊಂಡು, ನಡುವೆ ಕೊಯ್ದು, ಮಂಜುಗಡ್ಡೆ ತುಂಬಿ ಮೀನು ಜೋಡಿಸುವ ಬಫೆ ಮೇಜು ಮಾಡುತ್ತೇನೆಂದು ಬಂದ ಮಹಾನುಭಾವನಿಗೆ ನಾನು ಚಹಾ ಕೂಡ ಕೊಡದೆ ಕಳುಹಿಸಿದೆ. ನಮ್ಮ ಮನೆಯಲ್ಲಿ ಅಂಥದ್ದು ನಡೆದದ್ದು ಅದೇ ಮೊದಲು.

ಸಂದುಗಳಿಗೆ ಹತ್ತಿ ತುಂಬುವವರನ್ನು ಹುಡುಕಿಕೊಂಡು ಮಂಗಳೂರಿನ ಹಳೆ ಬಂದರಿಗೂ ಹೋದೆ. ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ, ಮಂಜಿ ಎಂಬ ಮರದ ಹಡಗುಗಳು ಇನ್ನೂ ಅಲ್ಲಿವೆ, ಎಂಜಿನ್ ಕೂರಿಸಿಕೊಂಡು. ಅಲ್ಲಿಂದ ಬಂದ ಹಿರಿಯರೊಬ್ಬರು ಏನೂ ಮಾತನಾಡದೆ, ಹಲಸಿನಕಾಯಿ ಬೆಳೆದಿದೆಯೋ ಎಂದು ನೋಡುವಂತೆ ಬೆರಳ ಗೆಣ್ಣಿನಿಂದ ಒಂದೊಂದು ಹಲಗೆಯನ್ನೂ ತಟ್ಟುತ್ತಾ ದೋಣಿಯ ಸುತ್ತ ಬಂದರು. ಎಡಬದಿಯ ಮೂರನೆಯ ಹಲಗೆಯ ಬಳಿ ನಿಂತು ಇನ್ನೊಮ್ಮೆ ತಟ್ಟಿದರು. "ಇದೊಂದು ಸತ್ತಿದೆ. ಉಳಿದವು ನಿಮಗಿಂತ ಗಟ್ಟಿ" ಎಂದರು. ಎರಡು ದಿನ ಕೆಲಸ ಮಾಡಿದರು, ಹೆಚ್ಚು ಹಣ ಕೇಳಲಿಲ್ಲ. ಆದರೆ ರಾಟೆಯ ಮಾತೆತ್ತಿದಾಗ, ಅದು ನಿಮ್ಮ ಬಾವಿಕಟ್ಟೆಯಲ್ಲೇ ಇರುತ್ತದಲ್ಲ ಎಂದುಬಿಟ್ಟರು.

ನನ್ನ ಕಷ್ಟ ನಿಜವಾಗಿ ಶುರುವಾದದ್ದು ಆ ಮಾತಿನಿಂದ. ನಮ್ಮ ಬಾವಿಗೆ ಪಂಪು ಬಂದು ಮೂವತ್ತು ವರ್ಷವಾಯಿತು. ಆದರೆ ಬಾರಕೂರಿನಲ್ಲಿ ಅತ್ತೆಯ, ಅಂದರೆ ಆ ಸೋದರಮಾವನ ಹೆಂಡತಿಯ ಮನೆಯಲ್ಲಿ ಇನ್ನೂ ಮರದ ರಾಟೆ ಇದೆ. ಅತ್ತೆಗೆ ಎಂಬತ್ತಾರು ವರ್ಷ, ನನಗೆ ಅರವತ್ತೆರಡು. ಅವರ ಬಾಯಲ್ಲಿ ನಾನು ಇಂದಿಗೂ ಮಾಣಿ. ಪಂಪು ಅವರ ಮನೆಯಲ್ಲೂ ಇದೆ, ಆದರೆ ದೇವರ ಪೂಜೆಗೆ ಸೇದಿದ ನೀರೇ ಆಗಬೇಕು. ರಾಟೆಯನ್ನು ಕೊಟ್ಟರೆ ಬದಲಿಗೆ ಹೊಸ ಕಬ್ಬಿಣದ ರಾಟೆ ತಂದು ಹಾಕಿಸುತ್ತೇನೆ, ಬೇರಿಂಗ್ ಇರುವಂಥದ್ದು, ಸದ್ದೇ ಮಾಡುವುದಿಲ್ಲ ಎಂದು ನಯವಾಗಿ ಹೇಳಿದೆ. ಆ ಕೊನೆಯ ಮಾತು ಹೇಳಬಾರದಿತ್ತು.

"ಸದ್ದು ಮಾಡದ ರಾಟೆ ಎಂತಕ್ಕೆ ಮಾಣಿ?" ಎಂದರು ಅತ್ತೆ. ಆಮೇಲೆ ಒಂದು ತಾಸು ಆ ರಾಟೆಯ ಸದ್ದಿನ ವಿಚಾರವೇ ನಡೆಯಿತು. ಬೆಳಿಗ್ಗೆ ಸೊಸೆ ಎದ್ದದ್ದು ಅವರಿಗೆ ತಿಳಿಯುವುದು ಆ ಸದ್ದಿನಿಂದ. ಕೊಡಪಾನ ತುಂಬಿ ಬಂದರೆ ಒಂದು ಬಗೆ, ಅರ್ಧ ತುಂಬಿ ಬಂದರೆ ಇನ್ನೊಂದು ಬಗೆ. ಬೇಸಗೆಯಲ್ಲಿ ನೀರು ಇಳಿದಾಗ ರಾಟೆ ಎಷ್ಟು ಸುತ್ತು ಕಿರುಗುಟ್ಟಿತು ಎಂದು ಎಣಿಸಿ, ಮಲಗಿದಲ್ಲಿಂದಲೇ ಬಾವಿಯ ಆಳ ಹೇಳಬಲ್ಲರು. ಪಕ್ಕದ ಮನೆಯವರು ಮಧ್ಯಾಹ್ನ ಕೇಳದೆ ನೀರು ಸೇದುತ್ತಿದ್ದದ್ದು ಸಿಕ್ಕಿಬಿದ್ದದ್ದೂ ಹೀಗೆಯೇ. ಮಾವನವರು ಹೊಳೆಯಿಂದ ರಾತ್ರಿ ತಡವಾಗಿ ಬಂದು ಕಾಲು ತೊಳೆಯಲು ನೀರು ಸೇದಿದಾಗ, ರಾಟೆ ಮೆಲ್ಲಗೆ ತಿರುಗಿದರೆ ಆ ದಿನ ಇಸ್ಪೀಟಿನಲ್ಲಿ ಸೋತಿದ್ದಾರೆಂದು ಅರ್ಥವಂತೆ. ನಲವತ್ತು ವರ್ಷ ನಾನು ಗೌರವಿಸಿಕೊಂಡು ಬಂದ ಮಾವ ದೋಣಿ ಹತ್ತಿ ಹೋಗುತ್ತಿದ್ದದ್ದು ಇಸ್ಪೀಟಿಗೆ ಎಂಬುದು ನನಗೆ ತಿಳಿದದ್ದು ಅವತ್ತು. ಹೊಳೆಯ ನಡುಗಡ್ಡೆಯ, ಅಂದರೆ ಕುದ್ರುವಿನ ತೆಂಗಿನ ತೋಟ ನೋಡಿಕೊಳ್ಳಲು ಎಂದೇ ನಾವೆಲ್ಲ ನಂಬಿದ್ದೆವು.

ಕಡೆಗೆ ಒಂದು ಒಪ್ಪಂದವಾಯಿತು. ಬೆಳಗಿನ ಪೂಜೆಯ ನೀರು ಸೇದಿದ ಮೇಲೆ ರಾಟೆಯನ್ನು ನಾನು ಕೊಂಡುಹೋಗಬಹುದು, ಸಂಜೆ ದೀಪ ಹಚ್ಚುವುದರೊಳಗೆ ತಂದು ಕಟ್ಟಬೇಕು. ಒಂದು ದಿನದ ಮಟ್ಟಿಗೆ ಅದನ್ನು ಮಡಿಲ ಕೂಸಿನಂತೆ ಕಾರಿನಲ್ಲಿ ಕೂರಿಸಿಕೊಂಡು, ಲೇತಿನಲ್ಲಿ ಮಂಚದ ಕಾಲು ಕಡೆಯುವವರ ಬಳಿ ಹೋದೆ. ಅವರು ಅದನ್ನು ತಿರುಗಿಸಿ ನೋಡಿ, ಹಲಸಿನ ತಿರುಳಿನಲ್ಲಿ ಅಂಥದ್ದೇ ಒಂದನ್ನು ಕಡೆದುಕೊಟ್ಟರು. ದೀಪದ ಹೊತ್ತಿಗೆ ಹಳೆಯದು ಬಾವಿಗೆ ಮರಳಿತು. ಅತ್ತೆ ಒಂದು ಕೊಡಪಾನ ಸೇದಿಸಿ, ಕಣ್ಣು ಮುಚ್ಚಿ ಕೇಳಿದರು. "ಸ್ವರ ಸ್ವಲ್ಪ ಒಡೆದಿದೆ. ಬಿಸಿಲಿಗೆ ಇಟ್ಟೆಯಾ?" ಎಂದು ಕೇಳಿದರು. ಕಾರನ್ನು ನಿಲ್ಲಿಸಿದ್ದು ನೆರಳಿನಲ್ಲಿ ಎಂದು ನಾನು ಪ್ರಮಾಣ ಮಾಡಬೇಕಾಯಿತು.

ಹೊಸ ರಾಟೆಯನ್ನು ಕೂವೆಮರದ ತುದಿಗೆ ಕಟ್ಟಿ, ಹಗ್ಗ ಪೋಣಿಸಿ, ಹಾಯಿ ಎಳೆದೆ. ಅರ್ಧಕ್ಕೆ ಏರಿ ನಿಂತಿತು. ಕೆಳಗೂ ಬರಲಿಲ್ಲ, ಮೇಲೂ ಹೋಗಲಿಲ್ಲ. ಬಾವಿಯ ಬಳ್ಳಿ ಹೆಬ್ಬೆರಳಿನಷ್ಟು ದಪ್ಪ, ನನ್ನ ನೈಲಾನ್ ಹಗ್ಗ ಕಿರುಬೆರಳಿನಷ್ಟು. ಗಾಲಿಯ ಅಂಚಿನ ಅಗಲವಾದ ತೋಡಿನಲ್ಲಿ ಅದು ನಿಲ್ಲದೆ ಜಾರಿ, ಗಾಲಿಗೂ ಬದಿಯ ಹಲಗೆಗೂ ನಡುವೆ ಸಿಕ್ಕಿಕೊಂಡಿತ್ತು. ಶಾಮಿಯಾನ ಹೊಲಿಯುವವರಿಂದ ಹೊಲಿಸಿದ ಹಾಯಿ ಬೇರೆ. ಹಾಯಿಗೆ ಗಾಳಿ ತುಂಬಲು ಒಂದಿಷ್ಟು ಹೊಟ್ಟೆ ಬಿಡಬೇಕೆಂದು ಮೂರು ಸಲ ಹೇಳಿದ್ದರೂ, ಮದುವೆಗೆ ಹೊಲಿದಂತೆ ಚಪ್ಪಟೆಯಾಗಿ, ಅಂಚಿಗೆ ಕೆಂಪು ಜಾಲರಿ ಸಹಿತ ಹೊಲಿದುಕೊಟ್ಟಿದ್ದರು. ಪಡುಗಾಳಿಗೆ ಆ ಜಾಲರಿ ಪಟಪಟ ಬಡಿಯುತ್ತಿತ್ತು. ದಡದಲ್ಲಿ ನಿಂತಿದ್ದ ಮಕ್ಕಳು ಊಟ ಯಾವಾಗ ಎಂದು ಕೇಳಿದರು.

ಈಗ ದಪ್ಪನೆಯ ಕತ್ತದ ಹಗ್ಗ ಹುಡುಕುತ್ತಿದ್ದೇನೆ. ತೆಂಗಿನ ನಾಡಿನಲ್ಲಿ ಕತ್ತದ ಕಾಲೊರೆಸುಗಳಿವೆ, ಆರ್ಕಿಡ್ ನೇತುಹಾಕುವ ಕುಂಡಗಳಿವೆ. ಹನ್ನೆರಡು ಮಾರು ಹಗ್ಗ ಕೇಳಿದರೆ, ಆರ್ಡರ್ ಕೊಡಬೇಕು, ಹೊರಗಿನಿಂದ ಬರಬೇಕು ಎನ್ನುತ್ತಾರೆ. ಹಗ್ಗ ಬರುವವರೆಗೆ ಬಿಸಿಲಿಗೆ ಹಲಗೆ ಬಿರಿಯದಿರಲೆಂದು ದೋಣಿಯನ್ನು ಮತ್ತೆ ಮುಳುಗಿಸಿಟ್ಟಿದ್ದೆ.

ಇಂದು ಬೆಳಿಗ್ಗೆ ಎಂಟನೆಯ ಫೋನು ಬಂತು. ಸರ್, ನಿಮ್ಮ ದೋಣಿ, ಎಂದು ಅವರು ಶುರುಮಾಡುವ ಮೊದಲೇ, ಗೊತ್ತು, ಮುಳುಗಿದೆ ಎಂದೆ. "ಇಲ್ಲ ಸರ್, ಇನ್ನು ಚಿಂತೆ ಬೇಡ. ನಾವು ನಾಲ್ಕು ಜನ ಸೇರಿ ಕಲ್ಲನ್ನೆಲ್ಲ ತೆಗೆದು, ನೀರು ಎರಚಿ, ಮೇಲಕ್ಕೆ ಎಳೆದು, ಚೆನ್ನಾಗಿ ಬಿಸಿಲು ಬೀಳುವ ಕಡೆ ಕವುಚಿ ಹಾಕಿದ್ದೇವೆ" ಎಂದರು.