ರೈನ್‌ಕೋಟ್ ಹಾಕಿದ ಮೇಲೆ ಎಲ್ಲರೂ ಪಿಸಿ

ಪೊಲೀಸರಲ್ಲಿ ಯಾರು ಯಾರಿಗೆ ಸೆಲ್ಯೂಟ್ ಹೊಡೆಯಬೇಕು ಅನ್ನೋದು ಹೆಗಲ ಮೇಲೇ ಬರೆದಿರುತ್ತದೆ. ಪಿಸಿ, ಅಂದರೆ ಸಾದಾ ಪೊಲೀಸ್ ಕಾನ್ಸ್‌ಟೇಬಲ್, ಹೆಗಲು ಖಾಲಿ. ಹೆಡ್ ಕಾನ್ಸ್‌ಟೇಬಲ್ ತೋಳಿಗೆ ಮೂರು ಪಟ್ಟಿ. ಎಎಸ್ಐಗೆ ಒಂದು ಸ್ಟಾರ್, ಪಿಎಸ್ಐಗೆ ಎರಡು, ಇನ್ಸ್‌ಪೆಕ್ಟರ್‌ಗೆ ಮೂರು. ಅವರ ಮೇಲಿನ ಡಿವೈಎಸ್ಪಿಗೂ ಮೂರೇ. ವ್ಯತ್ಯಾಸ ಏನಪ್ಪಾ ಅಂದರೆ, ಇನ್ಸ್‌ಪೆಕ್ಟರ್ ಸ್ಟಾರ್ ಜೊತೆ ಕೆಂಪು-ನೀಲಿ ರಿಬ್ಬನ್ ಇರುತ್ತದೆ, ಡಿವೈಎಸ್ಪಿಗೆ ಇರಲ್ಲ. ಬಡ್ತಿ ಸಿಕ್ಕರೆ ಏನಾದರೂ ಕೊಡ್ತಾರೆ ಅಲ್ವಾ? ಇಲ್ಲಿ ಇದ್ದ ರಿಬ್ಬನ್ನನ್ನೂ ಕಿತ್ತುಕೊಳ್ತಾರೆ. ಎಸ್ಪಿಗೆ ಅಶೋಕ ಸಿಂಹದ ಜೊತೆ ಒಂದು ಸ್ಟಾರ್. ಅದಕ್ಕೂ ಮೇಲಿನ, ನಮ್ಮ ಕೊಡಗನ್ನೂ ನೋಡಿಕೊಳ್ಳುವ ಐಜಿಪಿ ಕೂರೋದು ಮೈಸೂರಿನಲ್ಲಿ. ಅವರ ಹೆಗಲು ನಮಗೆ ಕಾಣೋದು ಪೇಪರ್ ಫೋಟೋದಲ್ಲಿ ಮಾತ್ರ.

ಈ ಏರ್ಪಾಡು ಮಾಡಿದವರು ಯಾರೋ ಬಿಸಿಲು ಸೀಮೆಯವರೇ ಇರಬೇಕು. ಕೊಡಗಿನಲ್ಲಿ ಜೂನ್ ಶುರುವಾಯಿತು ಅಂದರೆ ಎಲ್ಲರ ಹೆಗಲ ಮೇಲೂ ರೈನ್‌ಕೋಟ್. ಸಿಂಹವೂ ಒಳಗೆ, ಸ್ಟಾರೂ ಒಳಗೆ.

ಹಾಗಾದರೆ ದೊಡ್ಡವರು ಯಾರು ಅಂತ ಗೊತ್ತಾಗೋದು ಹೇಗೆ? ಸುಲಭ. ಕೇರಳಕ್ಕೆ ಇಳಿಯುವ ಮಾಕುಟ್ಟ ರಸ್ತೆಯಲ್ಲಿ ಮರ ಬಿದ್ದಿದೆ ಅಂದುಕೊಳ್ಳಿ. ಕತ್ತಿ ಹಿಡಿದು ಕೊಂಬೆ ಕಡಿಯುತ್ತಿರುವವರು ಹೋಂಗಾರ್ಡ್. ಶೂ ಒಳಗೆ ಸೇರಿದ ಜಿಗಣೆ ಕೀಳುತ್ತಾ, ಇನ್ನೊಂದು ಕೈಯಲ್ಲಿ ಬಸ್ ನಿಲ್ಲಿಸುತ್ತಿರುವವರು ಪಿಸಿ. ಒದ್ದೆ ಪುಸ್ತಕದಲ್ಲಿ ಬರೆಯದ ಪೆನ್ನನ್ನು ಉಜ್ಜುತ್ತಿರುವವರು ಹೆಡ್ ಕಾನ್ಸ್‌ಟೇಬಲ್. ಫೋನಿನಲ್ಲಿ "ಆಯ್ತು ಸರ್, ಈಗ್ಲೇ ಸರ್" ಅನ್ನುತ್ತಿರುವವರು ಪಿಎಸ್ಐ. ಜೀಪಿನ ಗಾಜು ನಾಲ್ಕು ಬೆರಳು ಇಳಿಸಿ "ಇನ್ನೂ ಆಗಿಲ್ವಾ?" ಅಂತ ಕೇಳಿದವರು ಡಿವೈಎಸ್ಪಿ. ಇಳಿದು ಬಂದರೆ, ಅವರ ತಲೆ ಮೇಲೆ ಕೊಡೆ ಹಿಡಿದವರು ನೆನೆಯುತ್ತಿರುತ್ತಾರೆ. ಒಟ್ಟಿನಲ್ಲಿ ಯಾರು ಎಷ್ಟು ಒದ್ದೆಯೋ ಅಷ್ಟು ಚಿಕ್ಕವರು.

ಸರ್ಕಾರಕ್ಕೂ ಪಿಸಿಗಳ ಕಷ್ಟ ಅರ್ಥವಾಗಿದೆ. ಅಗಲ ಅಂಚಿನ ಹಳೇ ಸ್ಲೋಚ್ ಹ್ಯಾಟ್ ಬದಲು 2025ರಲ್ಲಿ ಮುಂದೆ ಮಾತ್ರ ಅಂಚಿರುವ ಪೀಕ್ ಕ್ಯಾಪ್ ಕೊಟ್ಟಿತು. ಮೊದಲು ನೀರು ಹ್ಯಾಟಿನ ಅಂಚಿನಲ್ಲಿ ನಿಲ್ಲುತ್ತಿತ್ತು. ಈಗ ನೇರವಾಗಿ ಕತ್ತಿನೊಳಗೆ ಇಳಿಯುತ್ತದೆ. ಸುಧಾರಣೆ ಅಂದರೆ ಇದೇ.

ನಮ್ಮ ಜಿಲ್ಲೆಯ ಇನ್ನೊಂದು ಚಂದ ಇದೆ. ಕೊಡವರಿಗೆ, ಜಮ್ಮಾ ಅನ್ನೋ ಇಲ್ಲಿನ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಕೇಂದ್ರ ಸರ್ಕಾರ ಆ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದೆ. ಹಾಗಾಗಿ ವಿಚಾರಣೆಗೆ ಹೋದ ಪಿಸಿ ಕೈಯಲ್ಲಿ ಲಾಠಿ, ಕಾಫಿ ಕೊಡುವ ಅಜ್ಜನ ಹಿಂದಿನ ಗೋಡೆಯಲ್ಲಿ ಕೋವಿ. ಇಬ್ಬರೂ ಬಹಳ ಮರ್ಯಾದೆಯಿಂದ ಮಾತಾಡುತ್ತಾರೆ.

ಕಾನೂನು ಓದಿದರೆ ಮಾತ್ರ ಬೇರೆಯೇ ಕಾಣುತ್ತದೆ. ಠಾಣಾಧಿಕಾರಿ ಇಲ್ಲದಾಗ ಠಾಣೆಯಲ್ಲಿರುವ ಅವರ ನಂತರದ ಅಧಿಕಾರಿಯೇ ಠಾಣಾಧಿಕಾರಿ. ಪಿಸಿಗಿಂತ ಮೇಲಿನವರಾದರೆ ಸಾಕು. ಅಂದರೆ ರಾತ್ರಿ ಹನ್ನೆರಡಕ್ಕೆ ಒಬ್ಬ ಹೆಡ್ ಕಾನ್ಸ್‌ಟೇಬಲ್ ಇದ್ದರೆ ಅವರೇ ಸಾಹೇಬ್ರು. ಠಾಣಾಧಿಕಾರಿಯ ಅಧಿಕಾರವೆಲ್ಲ ಅವರ ಮೇಲಿನವರಿಗೂ ಇದೆ ಅಂತ 2024ರ ಜುಲೈನಿಂದ ಜಾರಿಯಾದ, ಪೊಲೀಸ್ ತನಿಖೆಯ ನಿಯಮಗಳಿರುವ ನಾಗರಿಕ ಸುರಕ್ಷಾ ಸಂಹಿತೆಯೂ ಹೇಳುತ್ತದೆ. ಕೆಳಗಿನವರಿಗೂ ಅಧಿಕಾರ, ಮೇಲಿನವರಿಗೂ ಅಧಿಕಾರ. ಇಷ್ಟೆಲ್ಲ ಇದ್ದೂ, ಒಣಗಲು ಹಾಕಿದ್ದ ಕರಿಮೆಣಸು ಕಳುವಾಯಿತು ಅಂತ ಹೋದವರಿಗೆ ಸಿಗೋ ಉತ್ತರ ಒಂದೇ.

"ಸಾಹೇಬ್ರು ಇಲ್ಲ, ನಾಳೆ ಬನ್ನಿ."

"ಎಲ್ಲಿಗೆ ಹೋಗಿದ್ದಾರೆ ಸಾರ್?"

"ದೊಡ್ಡವರೊಬ್ಬರು ಮಡಿಕೇರಿ ರಾಜಾಸೀಟ್‌ನಿಂದ ಕಣಿವೆ ನೋಡೋಕೆ ಬಂದಿದ್ದಾರೆ. ಬಂದೋಬಸ್ತ್."

"ಈ ಮಂಜಲ್ಲಿ ಏನು ಕಾಣುತ್ತೆ?"

"ಏನೂ ಕಾಣಲ್ಲ. ಅದಕ್ಕೇ ಜಾಸ್ತಿ ಜನ ಹಾಕಿದ್ದಾರೆ."